ಟ್ರ್ಯಾಕ್ಟರಿಗೆ ಹಾಡು ಹತ್ತಿದ ಕಥೆ

ನಮ್ಮೂರ ಹೆಸರು ಬೀಡಿ ಎಂದರೆ ಬೆಂಗಳೂರಿನ ಗೆಳೆಯರು ಮೊದಲು ನಗುತ್ತಾರೆ, ಆಮೇಲೆ ಕಡ್ಡಿಪೆಟ್ಟಿಗೆ ಕೇಳುತ್ತಾರೆ. ಖಾನಾಪುರ ತಾಲೂಕಿನ ಪೂರ್ವಕ್ಕೆ, ಕಿತ್ತೂರಿನ ಮಗ್ಗುಲಿಗೆ ಇರುವ ಊರು ಇದು. ಚರಿತ್ರೆಯ ಪುಸ್ತಕಗಳಲ್ಲಿ ನಮ್ಮ ಪಾಲಿಗೆ ಬಂದಿರುವುದು ಒಂದೆರಡು ಸಾಲು ಮಾತ್ರ. 1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನ ದಂಡು ಇಲ್ಲಿನ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು. ಮರುವರ್ಷ ಜನವರಿ 26ರಂದು ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅಲ್ಲಿಗೆ ಬೀಡಿಯ ಪಾತ್ರ ಮುಗಿಯಿತು, ಪುಸ್ತಕ ಮುಂದೆ ಹೋಯಿತು. ಆ ರಾತ್ರಿ ಕಚೇರಿಯ ದಫ್ತರ ಸುಟ್ಟಿತು ಎಂಬುದನ್ನು ಬರೆದಿಟ್ಟವರಿದ್ದಾರೆ. ಆಗ ಊರಲ್ಲಿ ಎದ್ದ ಸದ್ದು ಹೇಗಿತ್ತೆಂದು ಬರೆದವರಿಲ್ಲ. ಸದ್ದಿಗೆ ದಫ್ತರ ಇರುವುದಿಲ್ಲ.

ನಾನು ಹೇಳಹೊರಟಿರುವುದು ಅಂಥ ಒಂದು ಸದ್ದಿನ ಚರಿತ್ರೆ. ಕಬ್ಬಿನ ಹಂಗಾಮಿನಲ್ಲಿ, ಅಂದರೆ ದೀಪಾವಳಿ ಕಳೆದ ಮೇಲೆ ಹೋಳಿಹುಣ್ಣಿಮೆಯ ಆಸುಪಾಸಿನ ತನಕ, ಬೆಳಗಾವಿ ಜಿಲ್ಲೆಯ ಯಾವ ರಸ್ತೆಯ ಬದಿಗೆ ನಿಂತರೂ ರಾತ್ರಿ ಕೇಳುವ ಸದ್ದು ಅದು. ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರು ಏದುಸಿರು ಬಿಡುತ್ತ ಬರುತ್ತದೆ. ಅದು ಕಣ್ಣಿಗೆ ಬೀಳುವ ಎಷ್ಟೋ ಹೊತ್ತು ಮೊದಲೇ ಅದರ ಹಾಡು ಊರು ಹೊಕ್ಕಿರುತ್ತದೆ. ಮೊದಲು ಎದೆಗೆ ಬಡಿಯುವ ಧಂ ಧಂ, ಆಮೇಲೆ ದನಿ, ಕೊನೆಗೆ ಇಂಜಿನ್ನು.

ಹಾಡು ಹೊತ್ತ ಗಾಡಿ ನಮಗೆ ಹೊಸದಲ್ಲ. ಟ್ರ್ಯಾಕ್ಟರು ಬರುವ ಮೊದಲು ಇಲ್ಲಿ ಎತ್ತಿನ ಗಾಡಿಗಳಿದ್ದವು, ಎತ್ತಿನ ಕೊರಳಲ್ಲಿ ಗಂಟೆಗಳಿದ್ದವು, ಗೆಜ್ಜೆಸರಗಳಿದ್ದವು. ನಂದಗಡ ಒಂದು ಕಾಲಕ್ಕೆ ದೊಡ್ಡ ಪೇಟೆ. ಘಟ್ಟದ ಕೆಳಗಿನ ಗೋವೆಯಿಂದ ಮೇಲೆ ಬಂದ ತೆಂಗು, ಉಪ್ಪು, ಅಡಿಕೆ ಅಲ್ಲಿ ಕೈ ಬದಲಿಸುತ್ತಿದ್ದವು. ಬಯಲಿನ ಕಾಳುಕಡಿ ಅದೇ ದಾರಿಯಲ್ಲಿ ಎದುರಾಗುತ್ತಿತ್ತು. ದಾರಿ ಎಂದರೆ ಕಾಡಿನ ನಡುವಿನ ಗಾಡಿಜಾಡು. ಗಂಟೆ ಯಾಕೆ ಕಟ್ಟುತ್ತಿದ್ದಿರಿ ಎಂದು ಚಿಕ್ಕವನಿದ್ದಾಗ ನಮ್ಮಜ್ಜನನ್ನು ಕೇಳಿದ್ದೆ. ಚೆಂದಕ್ಕೆ ಎಂದು ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ಮೂರು ಕಾರಣ ಕೊಟ್ಟ. ಇಕ್ಕಟ್ಟಿನ ತಿರುವಿನಲ್ಲಿ ಎದುರಿನ ಗಾಡಿಯವನಿಗೆ ಗೊತ್ತಾಗಲಿ ಎಂದು. ಕಾಡಿನ ಜೀವಗಳು ದಾರಿ ಬಿಡಲಿ ಎಂದು. ಮೂರನೆಯದು ನನಗೆ ಇವತ್ತಿಗೂ ಮರೆತಿಲ್ಲ: ಗಾಡಿ ಹೊಡೆಯುವವನು ರಾತ್ರಿ ತೂಕಡಿಸುತ್ತಾನೆ, ಎತ್ತುಗಳು ದಾರಿ ಬಲ್ಲವು, ನಡೆಯುತ್ತಲೇ ಇರುತ್ತವೆ, ಆದರೆ ಎತ್ತು ನಿಂತರೆ ಗಂಟೆ ನಿಲ್ಲುತ್ತದೆ, ಗಂಟೆ ನಿಂತರೆ ಅವನಿಗೆ ಎಚ್ಚರಾಗುತ್ತದೆ. ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ ಎಚ್ಚರ. ಗಾಡಿಗೂ ಸದ್ದಿಗೂ ನಿದ್ದೆಗೂ ಇರುವ ಈ ಮೂರು ಎಳೆಯ ನಂಟನ್ನು ನಾನು ಮುಂದೆ ಬೇರೆ ರೂಪದಲ್ಲಿ ನೋಡಬೇಕಾಗಿತ್ತು.

ಯಂತ್ರದಿಂದ ಹಾಡು ಹೊರಡುವ ವಿದ್ಯೆ ನಮ್ಮ ಭಾಗಕ್ಕೆ ಬೇಗನೇ ಬಂದಿತ್ತು. ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದ್ದು 1902ರಲ್ಲಿ. ಅಲ್ಲಿಂದ ಮೂವತ್ತು ವರ್ಷದ ಆಸುಪಾಸಿನಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಗಾಂಧಾರಿ ಎಂಬ ಹೆಸರಿನಲ್ಲಿ ಎಚ್‌ಎಂವಿ ತಟ್ಟೆಗಳಿಗೆ ಹಾಡಿದರು. ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದವರೂ ಇವರೇ. ಅದೇ 1924ರಲ್ಲಿ ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ ಶಿವಪುತ್ರಯ್ಯ ಕೋಮಕಾಳಿಮಠ ಎಂಬ ಕೂಸು ಹುಟ್ಟಿತು. ಲೋಕ ಅವರನ್ನು ಬಲ್ಲದ್ದು ಕುಮಾರ ಗಂಧರ್ವ ಎಂಬ ಹೆಸರಿನಲ್ಲಿ. ಬಾಲಕನಾಗಿದ್ದಾಗ ಅವರು ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ, ಅವರ ತಾನು, ತಿರುವು, ಬಿಗುವು ಒಂದೂ ಬಿಡದೆ ಹಾಗೇ ಹಾಡಿ ತೋರಿಸುತ್ತಿದ್ದರಂತೆ. ಗುರುವಿನ ಮನೆಗೆ ಹೋಗುವ ಮೊದಲೇ ಯಂತ್ರದಿಂದ ಗುರುಗಳನ್ನು ಪಡೆದ ಮೊದಮೊದಲ ಪೀಳಿಗೆ ಅದು. ಸಂಗೀತದ ಬಗ್ಗೆ ಬರೆಯುವವರು ಗ್ರಾಮಫೋನನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನ್ನನ್ನು ಕೇಳಿದರೆ, ಧಾರವಾಡ ಸೀಮೆಯ ಸಂಗೀತದ ಕಥೆಯಲ್ಲಿ ಆ ಡಬ್ಬಿಗೂ ಒಂದು ಗಾದಿ ಹಾಸಿ ಕೂರಿಸಬೇಕು.

ಗ್ರಾಮಫೋನನ್ನು ಗಾಡಿಯಲ್ಲಿಟ್ಟು ನುಡಿಸಲಾಗದು. ಸೂಜಿ ಹಾರುತ್ತದೆ. ಕೂತಲ್ಲೇ ಕೂರಬೇಕಾದ ಯಂತ್ರ ಅದು. ಚಲಿಸುವ ಗಾಡಿಗೆ ಮೊದಲು ಹತ್ತಿದ್ದು ರೇಡಿಯೊ. 1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ತನ್ನ ಸ್ಟೂಡೆಬೇಕರ್ ಕಾರಿಗೆ ರೇಡಿಯೊ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೊ ತಯಾರಕರ ಸಮ್ಮೇಳನಕ್ಕೆ ಹೋದ. ಮಳಿಗೆ ಹಿಡಿಯುವ ಬದಲು ಕಾರನ್ನೇ ಹೊರಗೆ ನಿಲ್ಲಿಸಿ ದನಿ ಜೋರು ಮಾಡಿದ. ಆ ರೇಡಿಯೊಗೆ ಅವನಿಟ್ಟ ಹೆಸರು ಮೋಟೊರೋಲ; ಮೋಟಾರಿನಿಂದ ಮೊದಲರ್ಧ, ಆ ಕಾಲದ ಹಾಡುಪೆಟ್ಟಿಗೆ ವಿಕ್ಟ್ರೋಲಾದಿಂದ ಕೊನೆಯ ಚೂರು. ಮುಂದೆ ಕಂಪನಿಯೇ ಆ ಹೆಸರು ತಳೆಯಿತು. ನಮ್ಮಲ್ಲಿ ಅನೇಕರ ಮೊದಲ ಮೊಬೈಲಿನ ಬೆನ್ನ ಮೇಲಿದ್ದ ಹೆಸರು ಹುಟ್ಟಿದ್ದು ಕಾರಿಗೆ ಹಾಡು ಕಟ್ಟುವ ಖಟಾಟೋಪದಲ್ಲಿ.

ಆ ಖಟಾಟೋಪದ ತಾಂತ್ರಿಕ ತಕರಾರು ನಮ್ಮ ಕಥೆಗೆ ಬೇಕು. ಪೆಟ್ರೋಲ್ ಇಂಜಿನ್ ಓಡುವುದು ಕಿಡಿಯಿಂದ. ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ಒಂದು ಪುಟ್ಟ ಮಿಂಚು ಹೊಡೆದಂತೆ. ರೇಡಿಯೊ ಅದನ್ನೂ ಹಾಡೆಂದೇ ಹಿಡಿದು ಕಟಕಟ ಎನ್ನುತ್ತದೆ. ಅದನ್ನು ಅಡಗಿಸಲು ಪ್ಲಗ್ಗುಗಳ ದಾರಿಯಲ್ಲಿ ತಡೆಗಳನ್ನು ಹಾಕಬೇಕಾಯಿತು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇಲ್ಲ, ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹಾಡಿನ ಮಟ್ಟಿಗೆ ಟ್ರ್ಯಾಕ್ಟರು ಕಾರಿಗಿಂತ ಸಭ್ಯ. ಅದರ ಒರಟುತನವೆಲ್ಲ ಕಿವಿಗೆ ಕೇಳುವಂಥದು. ಡೈನಮೊ ಒಂದಿಷ್ಟು ಕುಂಯ್‌ಗುಡುತ್ತದೆ, ಇಂಜಿನ್ ಏರಿದಂತೆ ಅದೂ ಏರುತ್ತದೆ, ಅಷ್ಟೇ.

ಬೀಡಿಯಂಥ ಊರಿಗೆ ರೇಡಿಯೊ ಬಂದದ್ದು ಧಾರವಾಡ ಆಕಾಶವಾಣಿಯ ಹಿಂದೆ. 1950ರ ಜನವರಿ 8ರಂದು ಆ ನಿಲಯ ಶುರುವಾಯಿತು. ಆಗ ನಾವಿನ್ನೂ ಮುಂಬಯಿ ಪ್ರಾಂತದಲ್ಲಿದ್ದೆವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಖಾನಾಪುರದ ಕನ್ನಡದವರಿಗೆ ರಾಜ್ಯ ಬರುವ ಆರು ವರ್ಷ ಮೊದಲೇ ಕನ್ನಡದ ದನಿ ಗಾಳಿಯಲ್ಲಿ ಬಂದಿತ್ತು. ಅದೇ ಮುಳ್ಳನ್ನು ಸ್ವಲ್ಪ ಸರಿಸಿದರೆ ಮರಾಠಿ. ನಮ್ಮ ಮನೆಯಲ್ಲಿ ಎರಡೂ ಕೇಳುತ್ತಿತ್ತು, ಪಕ್ಕದ ಮನೆಯಲ್ಲಿ ಎರಡೂ ಕೇಳುತ್ತಿತ್ತು. ರೇಡಿಯೊ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕು, 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ. ಅಂಚೆ ಕಚೇರಿಗೆ ಪುಸ್ತಕ ಒಯ್ದು ಹಣ ಕಟ್ಟಿ ಮುದ್ರೆ ಒತ್ತಿಸಿಕೊಂಡು ಬರಬೇಕು. ಹಾಡು ಕೇಳಲು ಸರ್ಕಾರದ ಅಪ್ಪಣೆ ಪಡೆಯುತ್ತಿದ್ದ ಆ ಪುಸ್ತಕ ನಮ್ಮ ಮನೆಯ ಟ್ರಂಕಿನಲ್ಲಿ ಹೊಲದ ಉತಾರದ ಜತೆ ಇವತ್ತಿಗೂ ಇದೆ. ಹೊಲ ಪಾಲಾಗಿ ಹೋಯಿತು, ರೇಡಿಯೊ ಕೆಟ್ಟುಹೋಯಿತು, ಕಾಗದ ಮಾತ್ರ ಜೋಪಾನ.

ಟ್ರ್ಯಾಕ್ಟರು ಭಾರತದಲ್ಲಿ ತಯಾರಾಗಿ ಹೊರಬಿದ್ದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಿಂದ. 1963ರಲ್ಲಿ ಮಹೀಂದ್ರದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆ ಸೇರಿ ಇಳಿದರು. ಅದೇ 1963, ಆಗಸ್ಟ್ ತಿಂಗಳು, ಬರ್ಲಿನ್ನಿನ ರೇಡಿಯೊ ಮೇಳದಲ್ಲಿ ಫಿಲಿಪ್ಸ್ ಕಂಪನಿ ಅಂಗೈಯಗಲದ ಒಂದು ಡಬ್ಬಿಯನ್ನು ಜನರ ಮುಂದಿಟ್ಟಿತು. ಲೂ ಒಟೆನ್ಸ್ ಎಂಬ ಡಚ್ ಇಂಜಿನಿಯರನ ತಂಡ ಮಾಡಿದ ಕ್ಯಾಸೆಟ್ಟು ಅದು. ಹೀಗೆ ನಮ್ಮ ಕಥೆಯ ಎರಡು ಮುಖ್ಯ ಪಾತ್ರಗಳು ಒಂದೇ ವರ್ಷದಲ್ಲಿ, ಒಂದಕ್ಕೊಂದು ಗೊತ್ತಿಲ್ಲದೆ, ಸಜ್ಜಾದವು. ಅವು ಬೆಳಗಾವಿಯ ಕಬ್ಬಿನ ಹೊಲದಲ್ಲಿ ಭೇಟಿಯಾಗಲು ಇನ್ನೂ ಇಪ್ಪತ್ತು ವರ್ಷ ಬೇಕಿತ್ತು.

ಕ್ಯಾಸೆಟ್ಟಿನ ದೊಡ್ಡ ಗುಣ ಸಂಗೀತದ ಗುಣವಲ್ಲ, ಹೊಡೆತ ತಾಳುವ ಗುಣ. ಸೂಜಿಯಿಲ್ಲ, ಹಾರುವುದಿಲ್ಲ. ತಲೆಕೆಳಗಾದರೂ ಹಾಡುತ್ತದೆ. ಪಟ್ಟಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿದರಾಯಿತು. ಅದನ್ನು ಮಾಡುವುದೂ ಅಗ್ಗ, ನಕಲು ಮಾಡುವುದು ಇನ್ನೂ ಅಗ್ಗ. ದೆಹಲಿಯಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಇದರ ಮೇಲೆಯೇ ಸಾಮ್ರಾಜ್ಯ ಕಟ್ಟಿತು. ಅಲ್ಲಿಯ ತನಕ ಇಡೀ ದೇಶದ ಹಾಡಿನ ಬೀಗದಕೈ ಒಂದೆರಡು ಕಂಪನಿಗಳ ಸೊಂಟದಲ್ಲಿತ್ತು. ಪೀಟರ್ ಮ್ಯಾನ್ಯುಯೆಲ್ ಎಂಬ ಅಮೆರಿಕದ ವಿದ್ವಾಂಸ 1993ರಲ್ಲಿ ಈ ಪಲ್ಲಟದ ಮೇಲೆ ‘ಕ್ಯಾಸೆಟ್ ಕಲ್ಚರ್’ ಎಂಬ ಪುಸ್ತಕವನ್ನೇ ಬರೆದರು. ಅವರ ಕಣ್ಣು ಹೆಚ್ಚಾಗಿ ಉತ್ತರ ಭಾರತದ ಮೇಲಿತ್ತು. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ವನ್ನು ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ನೆನೆಯುತ್ತೇವೆ. ನಿಸಾರ್ ಅಹಮದರ ಪದ್ಯ, ಮೈಸೂರು ಅನಂತಸ್ವಾಮಿಯವರ ರಾಗ. ಆದರೆ ನಮ್ಮ ಕಡೆಯ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಹಗ್ಗಕ್ಕೆ ತೂಗುಬಿದ್ದಿದ್ದ ಕ್ಯಾಸೆಟ್ಟುಗಳು ಬೇರೆ. ಗೀಗೀ ಪದ, ಸವಾಲ್-ಜವಾಬು, ತತ್ವಪದ, ಭಜನೆ, ಸಂಗ್ಯಾ ಬಾಳ್ಯಾದಂಥ ಸಣ್ಣಾಟಗಳು, ಕಂಪನಿ ನಾಟಕದ ಹಾಸ್ಯ. ಪುಸ್ತಕದಂಗಡಿ ಇಲ್ಲದ ಊರುಗಳಲ್ಲೂ ಇವು ಸಿಗುತ್ತಿದ್ದವು. ಉತ್ತರ ಕರ್ನಾಟಕದ ಜನಪದ ಸಾಹಿತ್ಯದ ಚರಿತ್ರೆ ಬರೆಯುವವರು ವಿಶ್ವವಿದ್ಯಾಲಯದ ಸಂಗ್ರಹಗಳ ಜತೆಗೆ ಈ ಹಗ್ಗದ ಅಂಗಡಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ನನ್ನ ಹಳೆಯ ವಾದ.

ಟ್ರ್ಯಾಕ್ಟರಿಗೆ ಟೇಪು ಕೂರಿಸುವ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಊರಿನ ಒಬ್ಬ ಮೆಕ್ಯಾನಿಕ್ಕನ ಅಂಗಡಿಯಲ್ಲಿ. ರೇಡಿಯೊ ರಿಪೇರಿಯಿಂದ ಶುರುಮಾಡಿ, ಮದುವೆಯ ಮೈಕ್ ಸೆಟ್ಟಿಗೆ ಹೊರಳಿ, ಆಮೇಲೆ ಟ್ರ್ಯಾಕ್ಟರಿಗೆ ನಿಂತವನು. ನನಗಿಂತ ಹಿರಿಯ, ನಾನು ಕಾಕಾ ಎನ್ನುತ್ತೇನೆ. ಅವನ ಹಂಗಾಮು ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಬೀಳುವ ಹದಿನೈದು ದಿನ ಮೊದಲು. ಸಾಲಾಗಿ ಟ್ರ್ಯಾಕ್ಟರುಗಳು ನಿಲ್ಲುತ್ತವೆ. ತಗಡಿನ ಇಲ್ಲವೇ ಪ್ಲೈವುಡ್ಡಿನ ಡಬ್ಬಿ ಮಾಡಿ, ಸೀಟಿನ ಹಿಂದೆ ಇಲ್ಲವೇ ಎರಡೂ ಮಡ್‌ಗಾರ್ಡಿನ ಮೇಲೆ ಬೋಲ್ಟ್ ಹಾಕುತ್ತಾನೆ. ಡಬ್ಬಿಯ ಕೆಳಗೆ ಹಳೆಯ ಟ್ಯೂಬಿನ ರಬ್ಬರ್ ತುಂಡು. ಟ್ರ್ಯಾಕ್ಟರಿಗೆ ಕಾರಿನಂಥ ಸ್ಪ್ರಿಂಗಿಲ್ಲ. ಆ ರಬ್ಬರ್ ಇಲ್ಲದಿದ್ದರೆ ತಿಂಗಳೊಳಗೆ ಬೆಸುಗೆ ಬಿಡುತ್ತದೆ. ಬ್ಯಾಟರಿಯ ಮಗ್ಗುಲಿಗೇ ಫ್ಯೂಸು. ದೂರದಲ್ಲಿ ಹಾಕಿದರೆ, ನಡುವೆ ವೈರು ಉಜ್ಜಿ ತಗಡಿಗೆ ತಾಗಿದಾಗ ಕಾಯುವವರಿಲ್ಲ. ಕಬ್ಬಿನ ಒಣ ರವದಿ ಹೇರಿದ ಗಾಡಿಯಲ್ಲಿ ಒಂದು ಕಿಡಿ ಸಾಕು. ಈ ಮಾತು ಹೇಳುವಾಗ ಕಾಕಾ ನಗುವುದಿಲ್ಲ.

ಉಳಿದದ್ದಕ್ಕೆಲ್ಲ ನಗುತ್ತಾನೆ. ಮುಖ್ಯವಾಗಿ ಡಬ್ಬಿಯ ಮೇಲೆ ಅಚ್ಚಾದ ವ್ಯಾಟುಗಳಿಗೆ. ಬ್ಯಾಟರಿ 12 ವೋಲ್ಟಿನದು. ನಾಲ್ಕು ಓಮಿನ ಸ್ಪೀಕರಿಗೆ ಆ 12 ವೋಲ್ಟಿನಿಂದ ನೇರವಾಗಿ ದಬ್ಬಬಹುದಾದ್ದು ನಾಲ್ಕೈದು ವ್ಯಾಟು. ಎರಡು ಆಂಪ್ಲಿಫೈಯರುಗಳನ್ನು ಎದುರುಬದುರು ಜೋಡಿಸಿದರೆ ಹದಿನೆಂಟರ ತನಕ ಎಳೆಯಬಹುದು. ಅದರಾಚೆ ಹೋಗಲು ವೋಲ್ಟೇಜನ್ನೇ ಏರಿಸುವ ಬೇರೆ ಸರ್ಕ್ಯೂಟು ಬೇಕು. ಅದಿಲ್ಲದ ಡೆಕ್ಕಿನ ಮೇಲೆ 1000 ವ್ಯಾಟು ಎಂದು ಬರೆದಿದ್ದರೆ ಅದು ಸಾಹಿತ್ಯ. ಹಿಂದೆ ಅವನು ‘ತ್ರೀ ಝೀರೋ ಫೈವ್ ಫೈವ್’ ಎಂದು ಮನೆಮಗನ ಹೆಸರಿನಂತೆ ಕರೆಯುವ ಲೋಹದ ಡಬ್ಬಿಯ ಟ್ರಾನ್ಸಿಸ್ಟರುಗಳಿಂದ ತಾನೇ ಆಂಪ್ಲಿಫೈಯರ್ ಕಟ್ಟುತ್ತಿದ್ದ. ಈಗ ಎಲ್ಲ ತಯಾರು ಬೋರ್ಡು, ಬ್ಲೂಟೂತು, ಪೆನ್‌ಡ್ರೈವು. ಹೊರೆ ಮಾತ್ರ ಹಳೆಯದೇ. ನೂರು ವ್ಯಾಟಿನ ಖರೇ ಹಾಡಿಗೆ ಬ್ಯಾಟರಿಯಿಂದ ಹದಿಮೂರು ಹದಿನಾಲ್ಕು ಆಂಪಿಯರು ಹರಿಯುತ್ತದೆ. ಕಾರ್ಖಾನೆಯ ಅಂಗಳದ ಪಾಳಿಯಲ್ಲಿ ಇಂಜಿನ್ ಬಂದ್ ಮಾಡಿ ರಾತ್ರಿಯಿಡೀ ಹಾಡು ಹಚ್ಚಿದವನ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ. ಆಗ ಹಿಂದಿನ ಗಾಡಿಯವನು ಆಡುವ ಮಾತುಗಳು ಜನಪದ ಸಾಹಿತ್ಯದ ಇನ್ನೊಂದು ಪ್ರಕಾರ.

ಸ್ಟೀರಿಯೊ ಎಂಬ ಪದವನ್ನು ಕಾಕಾ ಎಲ್ಲಕ್ಕೂ ಬಳಸುತ್ತಾನೆ. ಅದರ ಹಿಂದೆ ಒಬ್ಬ ಮನುಷ್ಯನಿದ್ದ. ಅಲನ್ ಬ್ಲಮ್ಲೇನ್, ಲಂಡನ್ನಿನ ಇಂಜಿನಿಯರು. ಸಿನಿಮಾ ನೋಡುವಾಗ ನಟ ಪರದೆಯ ಒಂದು ಬದಿಗೆ, ಅವನ ದನಿ ಇನ್ನೊಂದು ಬದಿಗೆ ಇರುವುದು ಅವನಿಗೆ ಕಿರಿಕಿರಿ ಮಾಡಿತಂತೆ. ಎರಡು ಕಿವಿಗೆ ಎರಡು ದನಿ ಕೊಟ್ಟು ಆಕಾರ ಮೂಡಿಸುವ ವಿದ್ಯೆಗೆ 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಅವನಿದ್ದದ್ದು ಇಎಂಐ ಕಂಪನಿಯಲ್ಲಿ. ಎಚ್‌ಎಂವಿ ನಾಯಿಯ ಮುದ್ರೆಯ ಕಂಪನಿ ಅದೇ ವರ್ಷ ಇನ್ನೊಂದರ ಜತೆ ಕೂಡಿ ಹುಟ್ಟಿದ್ದು ಈ ಇಎಂಐ. ಅಂದರೆ ಹುಬ್ಬಳ್ಳಿಯ ಗಾಂಧಾರಿಯ ತಟ್ಟೆ ಮಾರಿದವರ ಮನೆಯಲ್ಲೇ ಸ್ಟೀರಿಯೊ ಕೂಡ ಹುಟ್ಟಿತು. 1942ರಲ್ಲಿ ಯುದ್ಧವಿಮಾನದ ರೇಡಾರ್ ಪರೀಕ್ಷೆಯ ವೇಳೆ ವಿಮಾನ ಬಿದ್ದು ಬ್ಲಮ್ಲೇನ್ ತೀರಿಕೊಂಡ, 38 ವರ್ಷಕ್ಕೆ. ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದಾಗ ಅವನಿರಲಿಲ್ಲ. ವಿಚಿತ್ರವೆಂದರೆ, ಎರಡು ಡಬ್ಬಿಯ ನಡುವೆ ನಟ್ಟನಡುವೆ ಕೂತು, ಎರಡೂ ಕಡೆಯಿಂದ ಸಮದೂರದಲ್ಲಿ ಹಾಡು ಕೇಳುವ ಭಾಗ್ಯ ಕಾರಿನ ಚಾಲಕನಿಗಿಲ್ಲ. ಅವನು ಒಂದು ಬದಿಗೆ ಒತ್ತಿ ಕೂತಿರುತ್ತಾನೆ. ಬ್ಲಮ್ಲೇನ್ ಕಲ್ಪಿಸಿದ ಕೇಳುಗನ ಜಾಗದಲ್ಲಿ ಕೂರುವವನು ಟ್ರ್ಯಾಕ್ಟರಿನವನೇ, ಎರಡು ಮಡ್‌ಗಾರ್ಡಿನ ನಡುವೆ. ಇಂಜಿನ್ ಒಂದು ನಿಮಿಷ ಸುಮ್ಮನಿದ್ದಿದ್ದರೆ ಅವನಿಗೂ ಅದು ಗೊತ್ತಾಗುತ್ತಿತ್ತು.

ನನ್ನ ಚಿಕ್ಕಮ್ಮನ ಮಗನೊಬ್ಬ ಕಾರವಾರದಲ್ಲಿದ್ದಾನೆ. ಅವನದು ಔಟ್‌ಬೋರ್ಡ್ ಇಂಜಿನ್ನಿನ ಸಣ್ಣ ದೋಣಿ. ಅವನು ದೋಣಿಗೆ ಸ್ಟೀರಿಯೊ ಹಾಕಿಸುವಾಗ ನಾನು ಕಾಕಾನನ್ನು ಫೋನಿನಲ್ಲಿ ಜೋಡಿಸಿಕೊಟ್ಟೆ. ಹೊಲದವನು ಕಡಲಿನವನಿಗೆ ಬುದ್ಧಿ ಹೇಳುವುದು ಕೇಳಲು ಮಜವಾಗಿತ್ತು. ಶತ್ರುಗಳು ಬೇರೆ ಬೇರೆ. ಇಲ್ಲಿ ಧೂಳು, ಕುಲುಕಾಟ, ಬಿಸಿಲು, ಅಲ್ಲಿ ಉಪ್ಪು. ಕಾಗದದ ಕೋನಿನ ಸ್ಪೀಕರು ಕಡಲ ಗಾಳಿಗೆ ಹಪ್ಪಳದಂತೆ ಮೆತ್ತಗಾಗುತ್ತದೆ, ಪ್ಲಾಸ್ಟಿಕ್ಕಿನದು ಬೇಕು. ಬರಿಯ ತಾಮ್ರದ ಎಳೆ ಹಸಿರುಗಟ್ಟಿ ಒಳಗೊಳಗೇ ತಿಂದುಹೋಗುತ್ತದೆ, ತವರ ಲೇಪಿಸಿದ ಎಳೆಯೇ ಬೇಕು. ಇಂಜಿನ್ನು ಕಿಡಿಯದು, ಹಾಗಾಗಿ ಗ್ಯಾಲ್ವಿನ್‌ಗೆ ಬಂದ ಕಟಕಟವೇ ಇಲ್ಲಿಯೂ. ಕಾಕಾನಿಗೆ ಗೊತ್ತಿಲ್ಲದ ಒಂದು ಮಾತನ್ನು ತಮ್ಮ ಹೇಳಿದ: ಸ್ಪೀಕರಿನ ಬೆನ್ನಿಗೆ ದೊಡ್ಡ ಅಯಸ್ಕಾಂತವಿರುತ್ತದೆ, ಅದನ್ನು ದಿಕ್ಸೂಚಿಯ ಹತ್ತಿರ ಕೂರಿಸಿದರೆ ಮುಳ್ಳು ಸುಳ್ಳು ಹೇಳುತ್ತದೆ. ಹಾಡು ಕೇಳುತ್ತ ದಡ ತಪ್ಪಬಹುದು! ನಮ್ಮ ಕಾಕಾ ಇದನ್ನು ಇವತ್ತಿಗೂ ಗಿರಾಕಿಗಳಿಗೆ ತಾನೇ ಕಂಡುಹಿಡಿದವನಂತೆ ಹೇಳುತ್ತಾನೆ. ಕಡಲಿನವರಿಗೆ ದೋಣಿಯ ರೇಡಿಯೊ ಮೊದಲು ಹಾಡಿಗೆ ಬಂದದ್ದಲ್ಲ ಎನ್ನುವುದನ್ನೂ ಹೇಳಬೇಕು. ಗಾಳಿ-ಮಳೆಯ ಮುನ್ಸೂಚನೆ, ಮೀನುಗಾರರಿಗೆ ಕೊಡುವ ಎಚ್ಚರಿಕೆ ಕೇಳಲು ಟ್ರಾನ್ಸಿಸ್ಟರ್ ಒಯ್ಯುತ್ತಿದ್ದರು. ಜೀವ ಉಳಿಸುವ ಪೆಟ್ಟಿಗೆ ಬಿಡುವಿನಲ್ಲಿ ಹಾಡುತ್ತಿತ್ತು. ದೋಣಿಯ ಸದ್ದಿಗೆ ತಕರಾರು ಮಾಡಲು ಅಲ್ಲಿ ನೆರೆಹೊರೆಯಿಲ್ಲ.

ಇಲ್ಲಿ ಇದೆ. ಕೆಲವು ವರ್ಷಗಳ ಹಿಂದೆ ಅವ್ವ ಬಿದ್ದು ಚಪ್ಪೆಯ ಎಲುಬು ಮುರಿದುಕೊಂಡಳು. ಅಪರೇಷನ್ ಆಗಿ ಮನೆಗೆ ಬಂದಾಗ ಮೆಟ್ಟಿಲು ಹತ್ತಲಾಗದೆಂದು ರಸ್ತೆ ಬದಿಯ ಪಡಸಾಲೆಯಲ್ಲಿ ಹಾಸಿಗೆ ಹಾಕಿದೆವು. ಅದು ಡಿಸೆಂಬರು. ನೋವಿನ ಗುಳಿಗೆ ನುಂಗಿ ಹನ್ನೆರಡಕ್ಕೆ ಅವಳ ಕಣ್ಣು ಹತ್ತುವುದು, ಒಂದೂವರೆಗೆ ಧಂ ಧಂ ಬರುವುದು. ಕಿಟಕಿಯ ಗಾಜು ಗಡಗಡ ಅನ್ನುವುದು. ಆಮೇಲೆ ಬೆಳಗಿನ ತನಕ ಅವಳು ಕಣ್ಣುಬಿಟ್ಟು ಜಂತಿ ಎಣಿಸುವಳು. ನಾಲ್ಕನೆಯ ರಾತ್ರಿ ನಾನು ರಸ್ತೆಗಿಳಿದು ಬ್ಯಾಟರಿ ಬೀಸಿ ಗಾಡಿ ನಿಲ್ಲಿಸಿದೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ತಲೆಗೆ ಟವೆಲ್ ಸುತ್ತಿದ್ದ, ಕಣ್ಣು ಕೆಂಡವಾಗಿತ್ತು. ನಾನು ಹೇಳಿದ್ದನ್ನು ಕೇಳಿ ತಕ್ಷಣ ಹಾಡು ನಿಲ್ಲಿಸಿದ. ಜಗಳಕ್ಕೆ ಬರಲಿಲ್ಲ.

“ಬಂದ್ ಮಾಡತೀನ್ರಿ ಅಣ್ಣಾರ. ಆದ್ರ ಹಾಡ ಇಲ್ಲಂದ್ರ ಕಣ್ಣ ಮುಚ್ಚತಾವ್ರಿ. ಮೂರ ದಿನಾ ಆತು, ಫ್ಯಾಕ್ಟರಿ ಪಾಳಿಯೊಳಗ ಕುಂತಲ್ಲೇ ಮಲಗೇನಿ.”

ಹಿಂದೆ ಎರಡು ಟ್ರೇಲರ್ ಕಬ್ಬು. ಮುಂದೆ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಯ ದಾರಿ, ಹೆದ್ದಾರಿ, ಹಿಂದಿನ ಕೆಂಪು ದೀಪ ಉರಿಯದ ಟ್ರೇಲರು. ಈ ಹುಡುಗ ತೂಕಡಿಸಿದರೆ ಏನಾಗುತ್ತದೆಂದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಜ್ಜನ ಎತ್ತುಗಳು ದಾರಿ ಬಲ್ಲವು. ಟ್ರ್ಯಾಕ್ಟರು ಬಲ್ಲದು ಹೋಗುವುದನ್ನು ಮಾತ್ರ. ಹೋಗಿ ಒಳಗೆ ಹೇಳಿದಾಗ ಅವ್ವ ಎಂದಳು: “ಅವಗ ನಿದ್ದಿ ಬರಬಾರದು, ನನಗ ಬರಬೇಕು. ರಸ್ತೆ ನೋಡಿದ್ರ ಒಂದ.”

ಮರುದಿನ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಮುಚ್ಚಿಗೆಯಿಲ್ಲದ ಟ್ರ್ಯಾಕ್ಟರಿನ ಚಾಲಕನ ಕಿವಿಗೆ ಇಂಜಿನ್ ಸದ್ದು 90 ಡೆಸಿಬೆಲ್ ಆಸುಪಾಸು. ಹಾಡು ಅದರ ಮೇಲೆ ಎದ್ದು ಕೇಳಬೇಕೆಂದರೆ ಇನ್ನೊಂದು 10 ಡೆಸಿಬೆಲ್ ಬೇಕು, ಅಂದರೆ 100. ಡಬ್ಬಿ ಕಿವಿಯಿಂದ ಒಂದು ಮೀಟರಿನಲ್ಲಿದೆ ಅನ್ನಿ. ಬಯಲಿನಲ್ಲಿ ಸದ್ದು ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಹತ್ತು ಮೀಟರಿಗೆ 80, ನೂರು ಮೀಟರಿಗೆ 60. ಸದ್ದಿನ ಬಗೆಗಿನ ಕೇಂದ್ರ ಸರ್ಕಾರದ 2000ದ ನಿಯಮಗಳು ಮನೆಗಳಿರುವ ಕಡೆ ರಾತ್ರಿ ಒಪ್ಪುವುದು 45. ಅಷ್ಟಕ್ಕೆ ಇಳಿಯಲು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಬೇಕು. ಗಿಡಮರ, ಗೋಡೆಗಳು ಒಂದಿಷ್ಟು ಹೀರುತ್ತವೆ, ಸರಿ. ಆದರೆ ಹೀರುವುದು ಸಣ್ಣ ದನಿಗಳನ್ನು. ಧಂ ಧಂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಗೋಡೆ ದಾಟಿಯೇ ಬರುತ್ತದೆ. ಅದೇ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕವೇ ಕೂಡದು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿಯಾಗಿ ಹೇಳಿತು. ಕಾನೂನಿನ ಕಣ್ಣಿಗೆ ಹುಡುಗ ತಪ್ಪಿತಸ್ಥ. ಲೆಕ್ಕದ ಕಣ್ಣಿಗೆ ಅವನ ಹಾಡು ಮೊದಲು ಜೋರಾದದ್ದು ಇಂಜಿನ್ನಿನ ಮೇಲಿನ ಹಟಕ್ಕೆ, ಊರಿನ ಮೇಲಿನ ಹಟಕ್ಕಲ್ಲ. ಜೋರು ಹಾಡಿನ ಅಪಾಯ ಅವನಿಗೂ ಇತ್ತು: ಹಿಂದಿನಿಂದ ಬಂದ ಬಸ್ಸಿನ ಹಾರ್ನ್ ಅವನಿಗೆ ಕೇಳುವುದಿಲ್ಲ, ಮುಂದೆ ಒಂದು ದಿನ ಕಿವಿಯೇ ಕೇಳುವುದಿಲ್ಲ.

ಲೆಕ್ಕದಲ್ಲೇ ಒಂದು ಸಂದಿಯೂ ಕಂಡಿತು. ಡಬ್ಬಿಯನ್ನು ಒಂದು ಮೀಟರಿನಿಂದ ಒಂದು ಅಡಿಗೆ ತಂದರೆ ಕಿವಿಗೆ ಅಷ್ಟೇ ಜೋರು ಕೇಳಲು ಹತ್ತನೆಯ ಒಂದು ಪಾಲು ಶಕ್ತಿ ಸಾಕು. ಊರಿಗೆ ಕೇಳುವುದು 10 ಡೆಸಿಬೆಲ್ ಇಳಿಯುತ್ತದೆ. ಅರ್ಧ ಕಿಲೋಮೀಟರಿನ ಕಾಟ ನೂರೆಪ್ಪತ್ತು ಮೀಟರಿಗೆ ಬರುತ್ತದೆ. ಬ್ಯಾಟರಿಯೂ ಉಳಿಯುತ್ತದೆ. ಕಾಕಾನಿಗೆ ತೋರಿಸಿದೆ. ಅವನು ಚಾಳೀಸು ಏರಿಸಿ ಎರಡು ಸಲ ಓದಿ, “ಖರೆ ಐತಿ” ಎಂದ. ಮೇಲಿನ ಛಾವಣಿಯ ಕಂಬಕ್ಕೆ ಚಾಲಕನ ಎರಡೂ ಕಿವಿಯ ಹತ್ತಿರ ಒಳಮುಖವಾಗಿ ನಾಲ್ಕಿಂಚಿನ ಎರಡು ಸಣ್ಣ ಸ್ಪೀಕರು ಕಟ್ಟಿದ. ದೊಡ್ಡ ಡಬ್ಬಿಯ ವೈರು ಬಿಚ್ಚಿಟ್ಟ. ಗಾಡಿ ಅದೇ ಹುಡುಗನದು. ಅವ್ವನ ವಿಷಯ ತಿಳಿದು ತಾನೇ ಒಪ್ಪಿ ಬಂದಿದ್ದ. ಬ್ಲಮ್ಲೇನ್ ಬಯಸಿದ ಜಾಗದಲ್ಲಿ ಅವನನ್ನು ಕೂರಿಸಿ ಹಾಡು ಹಚ್ಚಿದೆವು. ಯೂಟ್ಯೂಬಿನಿಂದ ಇಳಿಸಿಕೊಂಡ ಈಗಿನ ಜನಪದ, ಟ್ರ್ಯಾಕ್ಟರ್ ಡ್ರೈವರನ ಪ್ರೀತಿಯ ಮೇಲೆಯೇ ಕಟ್ಟಿದ ಹಾಡು. ಇಂಥವು ಈಗ ನಮ್ಮ ಕಡೆ ಲೆಕ್ಕವಿಲ್ಲದಷ್ಟು ಬರುತ್ತಿವೆ. ಹಾಡು ಹೊತ್ತ ಗಾಡಿಯೇ ಹಾಡಿನ ವಸ್ತುವಾಗಿದೆ. ಅವನ ಮುಖ ಅರಳಿತು. ಊರ ಸುತ್ತ ಒಂದು ಸುತ್ತು ಹಾಕಿ ಬಂದ. ಆ ವಾರ ಅವ್ವ ಮಲಗಿದಳು.

ಎಂಟು ದಿನಕ್ಕೆ ಗಾಡಿ ಮತ್ತೆ ಕಾಕಾನ ಅಂಗಡಿಯ ಮುಂದಿತ್ತು. ಕೆಟ್ಟಿತೇನೋ ಎಂದು ಕೇಳಿದೆ. ಹುಡುಗ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಾಚಿಕೆಯಿಂದ ನಕ್ಕ.

“ಕೆಟ್ಟಿಲ್ರಿ ಅಣ್ಣಾರ. ನನಗ ಭೇಷ್ ಕೇಳತೈತ್ರಿ. ಮಂದಿಗೆ ಕೇಳವಲ್ದು.”

ಕಾಕಾ ನನ್ನ ಕಡೆ ನೋಡದೆ ದೊಡ್ಡ ಡಬ್ಬಿಯ ವೈರು ಜೋಡಿಸುತ್ತಿದ್ದ. ಸಣ್ಣ ಸ್ಪೀಕರುಗಳನ್ನೂ ತೆಗೆಯಲಿಲ್ಲ. ನಡುವೆ ಒಂದು ಸ್ವಿಚ್ಚು ಕೂರಿಸಿದ. ಊರ ಹೊರಗೆ ದೊಡ್ಡದು, ಊರೊಳಗೆ ಸಣ್ಣದು. ಆ ಹಂಗಾಮು ಮುಗಿಯುವ ತನಕ ನಮ್ಮ ಮನೆಯ ಮುಂದೆ ಸ್ವಿಚ್ಚು ಕೆಲವು ರಾತ್ರಿ ಬೀಳುತ್ತಿತ್ತು, ಕೆಲವು ರಾತ್ರಿ ಬೀಳುತ್ತಿರಲಿಲ್ಲ.